ಸಾರ್ ನಂಬರ್ ಕೊಡಿ ಮೇಡಂ

ಚಳ್ಳಕೆರೆಯಲ್ಲಿ ಈಗ ಹೊಸ ಮನೆ ಕಟ್ಟಿಸಿದವರು ಗೃಹಪ್ರವೇಶಕ್ಕೆ ಕರೆದರೆ ದೇವರಮನೆಗಿಂತ ಮೊದಲು ತೋರಿಸುವುದು ಕ್ಯಾಮೆರಾವನ್ನು. ಹಜಾರದ ಟಿವಿಯಲ್ಲಿ ನಾಲ್ಕು ಚೌಕ. ಒಂದರಲ್ಲಿ ಗೇಟು, ಒಂದರಲ್ಲಿ ತುಳಸಿಕಟ್ಟೆ, ಒಂದರಲ್ಲಿ ಬಂದವರು ಬಿಟ್ಟ ಚಪ್ಪಲಿಗಳ ರಾಶಿ, ಇನ್ನೊಂದರಲ್ಲಿ ಹಿತ್ತಿಲಲ್ಲಿ ಬೆವರು ಒರೆಸಿಕೊಳ್ಳುತ್ತಿರುವ ಅಡಿಗೆಯವರು. "ಇನ್ನು ಭಯ ಇಲ್ಲ ಟೀಚರ್" ಎನ್ನುತ್ತಾರೆ. ಹೋಳಿಗೆ ತಿಂದು ಬಾಯಿ ಮುಚ್ಚಿಕೊಂಡು ಬರುವುದು ಮರ್ಯಾದೆ. ಆದರೆ ಈ ಮಾತು ಎಲ್ಲಾದರೂ ಹೇಳಲೇಬೇಕು, ಇಲ್ಲಿ ಹೇಳುತ್ತೇನೆ.

ಕ್ಯಾಮೆರಾ ಕಳ್ಳನನ್ನು ತಡೆಯುವುದಿಲ್ಲ, ಅವನ ಚಿತ್ರ ತೆಗೆಯುತ್ತದೆ. ಅವನೇನು ಸ್ಟುಡಿಯೋಗೆ ಬಂದವನಂತೆ ಮುಖ ತೋರಿಸಿ ನಿಲ್ಲುತ್ತಾನೆಯೇ? ಟವೆಲ್ಲು ಸುತ್ತಿಕೊಂಡೇ ಬಂದಿರುತ್ತಾನೆ. ಸ್ವಲ್ಪ ಬುದ್ಧಿವಂತನಾದರೆ ಚಿತ್ರ ಕೂಡಿಡುವ ಪೆಟ್ಟಿಗೆಯನ್ನೇ ಕಿತ್ತು ಒಯ್ಯುತ್ತಾನೆ. ಬೆಳಿಗ್ಗೆ ಎದ್ದು ನಾವು ನೋಡುವುದು ನಮ್ಮ ಮನೆ ದೋಚಿಹೋದ ಸಿನಿಮಾವನ್ನು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಇರುವುದು ಇಂಥದಕ್ಕೇ.

ನಮಗೆ ಬೇಕಾದದ್ದು ಬಾಗಿಲು ಮಿಸುಕಿದ ಕ್ಷಣದಲ್ಲಿ ಕೂಗುವ ವಸ್ತು. ಅಂಥದು ಇದೆ, ಬೆಂಕಿಪೊಟ್ಟಣದಷ್ಟು ಚಿಕ್ಕದು. ಎರಡು ತುಂಡು. ಒಂದನ್ನು ಬಾಗಿಲ ಚೌಕಟ್ಟಿಗೆ, ಇನ್ನೊಂದನ್ನು ಬಾಗಿಲಿಗೆ ಅಂಟಿಸುತ್ತಾರೆ. ಬಾಗಿಲ ಮೇಲಿರುವುದು ಬರೀ ಅಯಸ್ಕಾಂತ. ಚೌಕಟ್ಟಿನ ಮೇಲಿರುವುದರ ಒಳಗೆ ಸಾಮಾನ್ಯವಾಗಿ ಒಂದು ಪುಟ್ಟ ಗಾಜಿನ ನಳಿಗೆ, ಅದರಲ್ಲಿ ಕೂದಲೆಳೆಯಷ್ಟು ಅಂತರದ ಎರಡು ಲೋಹದ ಎಸಳು. ಅಯಸ್ಕಾಂತ ಹತ್ತಿರವಿದ್ದಾಗ ಎಸಳುಗಳು ಕೂಡಿರುತ್ತವೆ, ಬಾಗಿಲು ತೆರೆದರೆ ಬಿಟ್ಟುಕೊಳ್ಳುತ್ತವೆ. ಬಿಟ್ಟುಕೊಂಡ ಕೂಡಲೇ ಒಳಗಿನ ಚಿಕ್ಕ ರೇಡಿಯೋ ಮನೆಯ ಮಧ್ಯದಲ್ಲಿಟ್ಟ ಪೆಟ್ಟಿಗೆಗೆ ಸುದ್ದಿ ಮುಟ್ಟಿಸುತ್ತದೆ. ಅದು ಸೈರನ್ ಹೊಡೆಯುತ್ತದೆ, ಫೋನಿಗೂ ತಿಳಿಸುತ್ತದೆ. ಗೋಡೆ ಒಡೆದು ವೈರು ಎಳೆಯಬೇಕಿಲ್ಲ. ನಾನು ಬಿ.ಎ., ಬಿ.ಇಡ್. ಮಾಡಿ ಸಮಾಜ ಪಾಠ ಹೇಳುವವಳು, ವಿಜ್ಞಾನದ ಮೇಡಂ ಅಲ್ಲ. ನನಗೇ ಇದು ಅರ್ಥವಾಗಿದೆ ಅಂದಮೇಲೆ ನಿಮಗೆ ಆಗದಿರಲು ಕಾರಣವಿಲ್ಲ. "ಅದೆಲ್ಲ ಗಂಡಸರ ವಿಷಯ" ಎಂದು ಪುಟ ತಿರುವಬೇಡಿ. ಈ ಲೇಖನ ಬರೆದಿರುವುದೇ ಆ ಮಾತಿನ ಮೇಲೆ ಜಗಳ ತೆಗೆಯಲು.

ನಮ್ಮ ಮನೆಗೆ ಲೆಕ್ಕ ಹಾಕಲು ಬಂದ ಹುಡುಗ ಒಳ್ಳೆಯವನೇ. ಅಂಗಡಿಯ ಹೆಸರು ಬೇಡ. ಮನೆ ಸುತ್ತಿ, ಕಿಟಕಿಗಳನ್ನೆಲ್ಲ ಎಣಿಸಿ, ಬಾಗಿಲಿಗೆ ನಾಲ್ಕು, ಕಿಟಕಿಗೆ ಹನ್ನೊಂದು ಎಂದು ಬರೆದುಕೊಂಡ. ಅವನ ಪೆಟ್ಟಿಗೆಯ ಮೇಲೊಂದು ಚಿತ್ರವಿತ್ತು. ಯಾವುದೋ ಹೊರದೇಶದ ಮನೆ, ಕಿಟಕಿಗೆ ಸರಳೇ ಇಲ್ಲ. ಗಾಜು ಮೇಲೆತ್ತಿದರೆ ಮನುಷ್ಯ ಒಳಗೆ. ಅಲ್ಲಿ ಕಿಟಕಿಗೂ ಅಯಸ್ಕಾಂತ ಬೇಕು, ಸರಿ. ನಮ್ಮ ಕಿಟಕಿಗಳಿಗೆ ಬೆರಳುಗಾತ್ರದ ಕಬ್ಬಿಣದ ಸರಳುಗಳಿವೆ. ಮೇಲಾಗಿ ನಮ್ಮ ಊರಿನ ಬಿಸಿಲು ಬಲ್ಲವರಿಗೆ ಗೊತ್ತು, ಚೈತ್ರ ವೈಶಾಖದಲ್ಲಿ ಕಿಟಕಿ ಮುಚ್ಚಿ ಮಲಗಿದರೆ ಕಳ್ಳ ಬರುವ ಮೊದಲೇ ನಾವು ಹೋಗಿರುತ್ತೇವೆ. ಸದಾ ತೆರೆದಿರುವ ಕಿಟಕಿಗೆ, ತೆರೆದರೆ ಕೂಗುವ ಯಂತ್ರ ಹಾಕಿ ಏನು ಉಪಯೋಗ? ಹನ್ನೊಂದನ್ನೂ ಹೊಡೆದುಹಾಕಿಸಿದೆ. ಸ್ನಾನದ ಮನೆಯ ಸರಳಿಲ್ಲದ ವೆಂಟಿಲೇಟರ್ ಒಂದಿತ್ತು. ಅದಕ್ಕೂ ಯಂತ್ರ ಬೇಡ, ಎರಡು ಸರಳು ಸಾಕು ಎಂದೆ.

ನಾವು ದುರ್ಗದ ಸೀಮೆಯವರು. ಓಬವ್ವನ ಕಥೆ ಕೇಳದೆ ಬೆಳೆದವರಿಲ್ಲ. 2021ರಿಂದ ಸರ್ಕಾರವೇ ನವೆಂಬರ್ 11ರಂದು ಆಕೆಯ ಜಯಂತಿ ಮಾಡುತ್ತಿದೆ. ಎಲ್ಲರೂ ಒನಕೆಯನ್ನು ಹೊಗಳುತ್ತಾರೆ, ನಾನು ಮಕ್ಕಳಿಗೆ ಕಿಂಡಿಯನ್ನು ತೋರಿಸುತ್ತೇನೆ. ಏಳು ಸುತ್ತಿನ ಕೋಟೆ, ಬುರುಜು ಬತೇರಿ, ಕಾವಲು ಕಹಳೆ ಎಲ್ಲ ಇದ್ದರೂ ಹೈದರಾಲಿಯ ಸಿಪಾಯಿಗಳು ತೂರಿದ್ದು ಒಬ್ಬ ಮನುಷ್ಯ ನುಸುಳುವಷ್ಟು ಸಂದಿಯಲ್ಲಿ. ಅದನ್ನು ಕಂಡದ್ದು ನೀರಿಗೆಂದು ಅತ್ತ ಹೋದ ಹೆಂಗಸು. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದ ಎಂದು ಕಥೆ ಹೇಳುತ್ತದೆ. ಮನೆಯ ಕಿಂಡಿ ಎಲ್ಲಿದೆ ಎಂದು ಗೊತ್ತಿರುವುದು ದಿನವೂ ಅತ್ತ ನೀರಿಗೆ, ಕಸಕ್ಕೆ, ಬಟ್ಟೆ ಒಣಹಾಕಲು ಹೋಗುವವಳಿಗೆ. ಹಿತ್ತಿಲ ಬಾಗಿಲ ಚಿಲಕದ ಮೊಳೆ ಸಡಿಲವಾಗಿದೆ, ಮಾಳಿಗೆಯ ಬಾಗಿಲು ಆಷಾಢದ ಗಾಳಿಗೆ ತಾನೇ ತೆರೆದುಕೊಳ್ಳುತ್ತದೆ, ಪಕ್ಕದ ಮನೆಯ ಸಜ್ಜೆಯಿಂದ ನಮ್ಮ ತಾರಸಿಗೆ ಒಂದು ಹೆಜ್ಜೆ ಅಷ್ಟೇ. ಇದೆಲ್ಲ ಯಾವ ಗಂಡಸಿಗೆ ಗೊತ್ತು?

ಆದ್ದರಿಂದ ನಕ್ಷೆ ನಾನೇ ಬರೆದೆ. ಹಿತ್ತಿಲ ಬಾಗಿಲು, ಮಾಳಿಗೆ ಬಾಗಿಲು, ತಲೆಬಾಗಿಲು, ಇಷ್ಟಕ್ಕೆ ಒಂದೊಂದು. ಹಿತ್ತಿಲದ್ದು ಕಬ್ಬಿಣದ ಶೀಟಿನ ಬಾಗಿಲು. ಕಬ್ಬಿಣ ಅಯಸ್ಕಾಂತದ ಬಲವನ್ನು ತನ್ನ ಕಡೆ ಎಳೆದುಕೊಳ್ಳುವುದರಿಂದ ಅಲ್ಲಿ ನಡುವೆ ಮರದ ಚೂರಿಟ್ಟು, ಎರಡು ತುಂಡುಗಳನ್ನು ಇನ್ನೂ ಹತ್ತಿರ ತರಬೇಕು. ಮಾಳಿಗೆಯದು ಮರದ್ದು, ಮಳೆಗಾಲಕ್ಕೆ ಉಬ್ಬುತ್ತದೆ, ಗಾಳಿಗೆ ಅಲ್ಲಾಡುತ್ತದೆ. ಅಗುಳಿ ಬಿಗಿ ಮಾಡಿಸದೆ ಯಂತ್ರ ಅಂಟಿಸಿದರೆ ದಿನಾ ರಾತ್ರಿ ಕೂಗುತ್ತದೆ, ನಾಲ್ಕನೆಯ ರಾತ್ರಿ ನಾವೇ ಅದರ ಬ್ಯಾಟರಿ ಕಿತ್ತುಹಾಕುತ್ತೇವೆ. ಮೊದಲು ಬಡಗಿ, ಆಮೇಲೆ ಯಂತ್ರ. ತಲೆಬಾಗಿಲಿಗೆ ಹೊರಗೆ ತೂಗುವ ದೊಡ್ಡ ಬೀಗವಂತೂ ಮನೆಯಲ್ಲಿ ಯಾರೂ ಇಲ್ಲ ಎಂದು ಬರೆದು ಹಾಕಿದ ಬೋರ್ಡೇ ಸರಿ. ಬಾಗಿಲೊಳಗೇ ಕೂರುವ ಬೀಗ ಹಾಕಿಸಿದೆ.

ಇನ್ನು ಕರೆಂಟು. ಬಾಗಿಲ ಮೇಲಿನವು ಬ್ಯಾಟರಿಯವು, ವರ್ಷಗಟ್ಟಲೆ ಬರುತ್ತವೆ. ಆದರೆ ನಡುವಿನ ಪೆಟ್ಟಿಗೆಗೆ ಕರೆಂಟು ಬೇಕು, ಇಂಟರ್‌ನೆಟ್ಟು ಬೇಕು. ಎರಡೂ ಒಟ್ಟಿಗೆ ಹೋಗುವುದು ನಮ್ಮಲ್ಲಿ ಹೊಸತೇನಲ್ಲ. ಒಳಗೇ ಬ್ಯಾಟರಿ ಇರುವ, ಸಿಮ್ ಹಾಕಬಹುದಾದ ಪೆಟ್ಟಿಗೆಯನ್ನೇ ಕೇಳಿ. ಸಿಮ್ಮಿಗೆ ದುಡ್ಡು ಹಾಕುವುದನ್ನು ಮರೆಯಬೇಡಿ. ಹಳೆಯ ಕಲ್ಲುಗೋಡೆ, ಮಣ್ಣುಗೋಡೆಯ ಮನೆಗಳಲ್ಲಿ ರೇಡಿಯೋ ಸುದ್ದಿ ದಪ್ಪ ಗೋಡೆ ದಾಟುವಾಗ ಸೊರಗುತ್ತದೆ. ದುಡ್ಡು ಕೊಡುವ ಮೊದಲು ಪೆಟ್ಟಿಗೆಯನ್ನು ನಡುಮನೆಯಲ್ಲಿಟ್ಟು ಹಿತ್ತಿಲ ಬಾಗಿಲು ತೆರೆದು ನೋಡಿ. ನನ್ನ ಪಟ್ಟಿಯಷ್ಟಕ್ಕೂ ಸೇರಿ ಒಂದು ಅಸಲಿ ಮೊಳಕಾಲ್ಮೂರು ರೇಷ್ಮೆ ಸೀರೆಯ ಬೆಲೆಯಾಯಿತು, ಹೆಚ್ಚಲ್ಲ.

ಇಷ್ಟಾದ ಮೇಲೆ ಆ ಹುಡುಗ ಕೇಳಿದ: "ಸಾರ್ ನಂಬರ್ ಕೊಡಿ ಮೇಡಂ."

"ಯಾಕಪ್ಪಾ?"

"ಅಲಾರಂ ಬಂದ್ರೆ ಮೆಸೇಜು ಸಾರ್‌ಗೆ ಹೋಗ್ಬೇಕಲ್ಲ."

ನಮ್ಮ ಮನೆಯವರು ಅಲ್ಲೇ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದರು. "ನನ್ನನ್ನ ಕೇಳಬೇಡ ಮಾರಾಯ. ಈ ಮನೆಗೆ ಬಾಗಿಲು ಎಷ್ಟು ಅಂತಾನೂ ನಂಗೆ ಗೊತ್ತಿಲ್ಲ" ಅಂದರು. ಹುಡುಗ ನಕ್ಕ. ಆದರೂ ಬಿಡಲಿಲ್ಲ, "ಹಾಗಾದ್ರೆ ಮಗಂದು?" ಎಂದ. ನನ್ನ ಮಗ ಇರುವುದು ಬೆಂಗಳೂರಿನಲ್ಲಿ, ಇನ್ನೂರು ಕಿಲೋಮೀಟರ್ ದೂರ. ಕಳ್ಳ ನಮ್ಮ ಹಿತ್ತಿಲ ಬಾಗಿಲು ಮೀಟಿದಾಗ ಅವನ ಫೋನು ಗುಂಯ್ ಅಂದರೆ ಅವನು ಮಾಡುವುದೇನು? ನನಗೇ ಫೋನ್ ಮಾಡಬೇಕು! ಬಾಗಿಲಿನ ಈಚೆ ಮಲಗಿರುವವಳು ನಾನು, ಎಚ್ಚರಿಕೆ ಹೋಗುವುದು ಬೇರೆಯವರಿಗೆ. ಇದು ಯಂತ್ರದ ತಪ್ಪಲ್ಲ. ಮನೆಯ ಯಜಮಾನ ಎಂದರೆ ಗಂಡಸು, ಹೆಂಗಸು ಮನೆಯೊಳಗಿನ ಸಾಮಾನುಗಳಲ್ಲಿ ಒಂದು ಎಂಬ ಹಳೆಯ ಪಟ್ಟಿಯನ್ನೇ ಹೊಸ ಫೋನಿಗೆ ತುಂಬುತ್ತಿದ್ದಾರೆ.

ಮನೆ ಕಾಯುವ ಈ ವಿದ್ಯೆಯಲ್ಲಿ ಹೆಂಗಸರ ಪಾಲು ಸಣ್ಣದೇನಲ್ಲ. ನ್ಯೂಯಾರ್ಕಿನಲ್ಲಿ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ಕಪ್ಪು ಜನಾಂಗದ ನರ್ಸ್ ಇದ್ದಳು. ಹೊತ್ತಲ್ಲದ ಹೊತ್ತಿನ ಕೆಲಸ, ಎಷ್ಟೋ ವೇಳೆ ಮನೆಯಲ್ಲಿ ಒಬ್ಬಳೇ. ಆ ಬಡಾವಣೆಗೆ ಪೊಲೀಸರು ಬರುವುದು ತಡ. 1966ರಲ್ಲಿ ಆಕೆ ಗಂಡ ಆಲ್ಬರ್ಟ್ ಜೊತೆ ಸೇರಿ, ಬಾಗಿಲಾಚೆ ಯಾರಿದ್ದಾರೆಂದು ಒಳಗಿನಿಂದಲೇ ನೋಡುವ, ಮಾತಾಡಿಸುವ, ಗುಂಡಿ ಒತ್ತಿ ಸಹಾಯಕ್ಕೆ ಕರೆಯುವ ಏರ್ಪಾಡಿಗೆ ಪೇಟೆಂಟ್ ಅರ್ಜಿ ಹಾಕಿದಳು. 1969ರ ಡಿಸೆಂಬರ್ 2ರಂದು ಅದು ಸಿಕ್ಕಿತು. ಅವಳ ಯಂತ್ರದ ಕಣ್ಣು ಹೊರಗೆ ನೋಡುತ್ತಿತ್ತು. ನೋಡುವ ಪರದೆ ಅವಳ ಮಲಗುವ ಕೋಣೆಯಲ್ಲಿತ್ತು. ಈ ಎರಡು ಮಾತು ನೆನಪಿಡಿ.

ಏಕೆಂದರೆ ನಮ್ಮಲ್ಲಿ ಅದು ತಿರುವುಮುರುವಾಗಿದೆ. ಕಣ್ಣು ಒಳಗೆ ನೋಡುತ್ತದೆ, ಪರದೆ ಬೇರೆ ಊರಿನಲ್ಲಿದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆಯಲ್ಲಿ ಹಜಾರಕ್ಕೊಂದು, ಅಡಿಗೆಮನೆಗೊಂದು ಕ್ಯಾಮೆರಾ. ಗಂಡನಿಗೆ ಬೇರೆ ಊರಿನಲ್ಲಿ ಕೆಲಸ. ಮಧ್ಯಾಹ್ನ ಫೋನ್ ಬರುತ್ತದೆ: "ಹನ್ನೊಂದು ಗಂಟೆಯಿಂದ ಇಪ್ಪತ್ತು ನಿಮಿಷ ಬಾಗಿಲಲ್ಲಿ ಯಾರ ಜೊತೆ ನಿಂತಿದ್ದೆ?" ಸೊಪ್ಪಿನವಳ ಜೊತೆ ನಿಂತಿದ್ದಳು. ಈಗ ಸೊಪ್ಪು ಕೊಳ್ಳುವುದನ್ನೇ ಬಿಟ್ಟಿದ್ದಾಳೆ. ಇದಕ್ಕೆ ಮನೆಯ ಭದ್ರತೆ ಎಂದು ಹೆಸರು! ಇದುವರೆಗೆ ಅಲ್ಲಿ ಸಿಕ್ಕಿಬಿದ್ದಿರುವುದು ಅವಳೊಬ್ಬಳೇ. ನಮ್ಮ ರಾಜ್ಯದವರೇ ಆದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದರು. ಅಡಿಗೆಮನೆಯವರೆಗೆ ಆ ತೀರ್ಪು ಬಂದಿಲ್ಲ.

ಬಾಗಿಲ ಅಯಸ್ಕಾಂತವೂ ಪೂರ್ತಿ ಮುಗ್ಧ ಎಂದುಕೊಳ್ಳಬೇಡಿ. ಬಾಗಿಲು ಎಷ್ಟು ಗಂಟೆಗೆ ತೆರೆಯಿತು, ಎಷ್ಟಕ್ಕೆ ಮುಚ್ಚಿತು ಎಂದು ಅದು ಫೋನಿನಲ್ಲಿ ಲೆಕ್ಕ ಇಡುತ್ತದೆ. ಸೊಸೆ ಯಾವಾಗ ಹೊರಗೆ ಹೋದಳು ಎನ್ನುವುದಕ್ಕೆ ಅಷ್ಟು ಸಾಕು. ಆದ್ದರಿಂದಲೇ ಅದರ ಗುಪ್ತ ಸಂಖ್ಯೆ, ಅದರ ಲೆಕ್ಕ, ಹಚ್ಚುವ ಆರಿಸುವ ಅಧಿಕಾರ ಮನೆಯಲ್ಲಿ ಇರುವವಳ ಕೈಯಲ್ಲಿರಬೇಕು ಎನ್ನುತ್ತೇನೆ. ಒಳಗೆ ಕ್ಯಾಮೆರಾ ಕೂಡದು. ಹಾಕಿದ್ದರೆ ತೆಗೆಸಿ. ಜಗಳವಾದರೆ ಆಗಲಿ.

ಇನ್ನೊಂದು ಜಗಳ ನಮ್ಮ ಹೆಂಗಸರ ಜೊತೆಯೇ ಇದೆ. ಬೀದಿಯಲ್ಲಿ ಕಳವಾದ ಮರುದಿನ ಮೊದಲ ಅನುಮಾನ ಯಾರ ಮೇಲೆ? ಪಾತ್ರೆ ತೊಳೆಯುವವಳ ಮೇಲೆ. ಅವಳಾದ ಮೇಲೆ ಊರಾಚೆ ಗುಡಾರ ಹಾಕಿದವರು, ಕಣಿ ಹೇಳುವವಳು, ಕೂದಲಿಗೆ ಪಿನ್ನು ಕೊಡುವವಳು. 1871ರಲ್ಲಿ ಬ್ರಿಟಿಷರು ಒಂದು ಕಾನೂನು ಮಾಡಿ ಜಾತಿಜಾತಿಗಳನ್ನೇ ಹುಟ್ಟಾ ಕಳ್ಳರೆಂದು ಬರೆದಿಟ್ಟರು. ಸ್ವತಂತ್ರ ಭಾರತ 1952ರಲ್ಲಿ ಅದನ್ನು ರದ್ದು ಮಾಡಿತು. ನಮ್ಮ ಬೀದಿಯ ಜಗಲಿಗಳ ಮೇಲೆ ಅದು ಈಗಲೂ ಜಾರಿಯಲ್ಲಿದೆ. ಅಯಸ್ಕಾಂತದಲ್ಲಿ ನನಗೆ ಹಿಡಿಸಿದ ಗುಣ ಇದು. ಬಾಗಿಲು ತೆರೆಯಿತು, ಇಷ್ಟು ಗಂಟೆಗೆ, ಅಷ್ಟೇ ಹೇಳುತ್ತದೆ, ತೆರೆದವನ ಕುಲ ಹೇಳುವುದಿಲ್ಲ. ನಮ್ಮ ಮನೆಗೆ ಬರುವ ಹೆಣ್ಣುಮಗಳಿಗೂ ನಾನು ಬೇರೆಯದೇ ಗುಪ್ತ ಸಂಖ್ಯೆ ಕೊಟ್ಟಿದ್ದೇನೆ. ಅವಳು ಬಂದ ಹೊತ್ತು ಹೋದ ಹೊತ್ತು ಅದರಲ್ಲಿ ಇರುತ್ತದೆ. ಲೆಕ್ಕ ಇಡುವ ಮುಂಚೆ ಅವಳಿಗೆ ಹೇಳಿಯೇ ಇಟ್ಟದ್ದು. ನಾಳೆ ಯಾರಾದರೂ ಅವಳ ಕಡೆ ಬೆರಳು ತೋರಿಸಿದರೆ ಆ ಲೆಕ್ಕ ಅವಳ ಪರ ಸಾಕ್ಷಿ.

ಒಡವೆಯ ಮಾತು ಹೇಳದಿದ್ದರೆ ನೀವು ಬಿಡುವುದಿಲ್ಲ. ಹಾಕಿಕೊಳ್ಳುವ ಎರಡೆಳೆ ಬಿಟ್ಟು ಉಳಿದದ್ದು ಬ್ಯಾಂಕ್ ಲಾಕರಿನಲ್ಲಿರಲಿ, ಲಾಕರು ನಿಮ್ಮ ಹೆಸರಿನಲ್ಲೂ ಇರಲಿ. 2022ರ ಜನವರಿಯಿಂದ ಜಾರಿಯಾದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಕಳವು, ಬೆಂಕಿ, ಸಿಬ್ಬಂದಿಯ ಮೋಸ ಇಂಥವುಗಳಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ ನೂರರಷ್ಟು. ಬಾಡಿಗೆ 2,000 ಎಂದರೆ ಎರಡು ಲಕ್ಷ. ಚಿನ್ನದ ಇಂದಿನ ಬೆಲೆಗೆ ಅದು ಏನೂ ಅಲ್ಲ, ಆದರೂ ಅಕ್ಕಿ ಡಬ್ಬಕ್ಕಿಂತ ವಾಸಿ.

ಮೊಳಕಾಲ್ಮೂರಿನಲ್ಲಿ ನನ್ನ ಚಿಕ್ಕವ್ವ ಒಬ್ಬಳೇ ಇದ್ದಾಳೆ, ಎಪ್ಪತ್ತೆಂಟು ವರ್ಷ. ನೇಕಾರರ ಬೀದಿ. ಮೊದಲು ಆ ಬೀದಿಗೆ ಯಾವ ಅಲಾರಮ್ಮೂ ಬೇಕಿರಲಿಲ್ಲ. ಮನೆಮನೆಯಲ್ಲೂ ಮಗ್ಗ, ಒಂದು ಮನೆಯ ಲಾಳಿಯ ಸದ್ದು ನಿಂತರೆ ಪಕ್ಕದವರು "ಏನಾಯ್ತವ್ವ" ಎಂದು ಕೇಳುತ್ತಿದ್ದರು. ಈಗ ಮಗ್ಗ ಕಡಿಮೆಯಾಗಿವೆ, ಹುಡುಗರು ಬೆಂಗಳೂರು ಸೇರಿದ್ದಾರೆ, ಬೀಗ ಬಿದ್ದ ಮನೆಗಳು ಹೆಚ್ಚಿವೆ. ಗಡಿಯಾಚೆ ಆಂಧ್ರದ ಪೊಲೀಸರು ಊರಿಗೆ ಹೋಗುವವರು ಮೊದಲೇ ತಿಳಿಸಿದರೆ ಬೀಗ ಹಾಕಿದ ಮನೆಗೆ ತಾವೇ ಪುಕ್ಕಟೆಯಾಗಿ ಕ್ಯಾಮೆರಾ ಇಟ್ಟು ಠಾಣೆಯಿಂದ ಕಾಯುವ ಏರ್ಪಾಡು ತಂದರು. ನಮ್ಮಲ್ಲೂ ಊರಿಗೆ ಹೋಗುವಾಗ ಠಾಣೆಗೆ ತಿಳಿಸಿ ಎನ್ನುತ್ತಾರೆ, ಆಪತ್ತಿಗೆ 112 ಇದೆ. ಆದರೆ ಠಾಣೆಯ ಜೀಪು ಬರುವುದಕ್ಕೂ ಪಕ್ಕದ ಮನೆಯವಳು ದೀಪ ಹಾಕಿ ಕೂಗುವುದಕ್ಕೂ ನಡುವೆ ಹತ್ತಿಪ್ಪತ್ತು ನಿಮಿಷವಿದೆ. ಕಳ್ಳತನ ನಡೆಯುವುದು ಆ ಹೊತ್ತಿನಲ್ಲೇ.

ಚಿಕ್ಕವ್ವನ ಮನೆಗೆ ಎರಡೇ ಅಯಸ್ಕಾಂತ, ಬೀದಿಗೆ ಕೇಳುವ ಒಂದು ಸೈರನ್, ಹಾಸಿಗೆ ಪಕ್ಕಕ್ಕೆ ಒಂದು ಗುಂಡಿ. ಅಂಟಿಸುವಾಗ ನೋಡಿ ಅಂದಳು, "ಬಾಗ್ಲಿಗೆ ಗುಳಿಗಿ ಅಂಟಿಸಿದಂಗೈತೆ ಕಣವ್ವ. ಇದು ಕೂಗೋದು ನಂಗೆ ಕೇಳಿಸ್ತೈತಾ?" ಕೇಳಿಸಿತು. ಪಕ್ಕದ ಮೂರು ಮನೆಯವರಿಗೂ ಕೇಳಿಸಿತು, ಓಡಿಬಂದರು. ಪರೀಕ್ಷೆಗೆ ಎಂದಾಗ ಒಬ್ಬಾಕೆ ಬೈದಳು, ಬೈದವಳ ನಂಬರನ್ನೇ ಮೊದಲು ಬರೆದುಕೊಂಡೆ. ಈಗ ಮೊಳಕಾಲ್ಮೂರಿನ ಪಟ್ಟಿಯಲ್ಲಿ ಮೊದಲು ಚಿಕ್ಕವ್ವ, ಎರಡನೆಯದು ಆ ಪಕ್ಕದ ಮನೆಯಾಕೆ, ಮೂರನೆಯದು ಎದುರು ಮಗ್ಗದ ಮನೆಯ ಸೊಸೆ, ನಾಲ್ಕನೆಯದು ನಾನು. ಚಳ್ಳಕೆರೆಯ ಪಟ್ಟಿಯಲ್ಲಿ ಮೊದಲು ನಾನು, ಎರಡು ಮತ್ತು ಮೂರು ಅಕ್ಕಪಕ್ಕದವರು, ನಮ್ಮ ಮನೆಯವರದು ನಾಲ್ಕನೆಯದು. ಮಗನದು ಐದನೆಯದು. ಅವನಿಗೆ ಸ್ವಲ್ಪ ಬೇಸರವಾಗಿದೆ.