ಕಾರಿಗೆ ಉಂಟು, ಕೈಗಾಡಿಗೆ ಇಲ್ಲ!

ದಾವಣಗೆರೆಯ ಪಿ.ಬಿ. ರಸ್ತೆಯ ಮಗ್ಗುಲಲ್ಲಿ ಮಿರ್ಚಿ-ಮಂಡಕ್ಕಿ ಮಾರುವವನ ಗಾಡಿ ನಾಲ್ಕಡಿ ಅಗಲ. ಅದು ಸಂಚಾರಕ್ಕೆ ಅಡ್ಡಿ! ಅದೇ ರಸ್ತೆಗೆ ಬಾಯಿ ತೆರೆದು ಕಾರು ತೊಳೆಯುವ ಕೇಂದ್ರವೊಂದು ತಲೆಯೆತ್ತಿ, ಒಳಗೆ ಜಾಗ ಸಾಲದೆ ಐದು ಕಾರುಗಳು ರಸ್ತೆಯ ಮೇಲೆಯೇ ಸರದಿ ಕಾದು ನಿಂತರೆ ಅದು ಊರಿನ ಅಭಿವೃದ್ಧಿ! ಈ ನ್ಯಾಯವನ್ನು ನಾವು ಒಪ್ಪಲಾರೆವು.

ನಮ್ಮನ್ನು ತಪ್ಪು ತಿಳಿಯಬಾರದು. ವಾಟರ್ ಸರ್ವಿಸ್ ಅಂಗಡಿಗಳ ಮೇಲೆ ನಮಗೆ ಹಗೆಯಿಲ್ಲ. ಗಿರಣಿಗಳು ಒಂದರ ಹಿಂದೊಂದು ಬಾಗಿಲು ಹಾಕಿದ ಮೇಲೆ, ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿದ ಮೇಲೆ, ಕಾರ್ಮಿಕರ ಮಕ್ಕಳು ಸಿಕ್ಕ ಕೆಲಸಕ್ಕೆ ಕೈ ಹಾಕಿದ್ದಾರೆ. ಬೆಳಗಿನಿಂದ ಸಂಜೆಯವರೆಗೆ ಒದ್ದೆ ಕಾಲಿನಲ್ಲಿ ನಿಂತು ಪರರ ಕಾರು ಉಜ್ಜುವ ಹುಡುಗನೂ ನಮ್ಮವನೇ. ನಮ್ಮ ಪ್ರಶ್ನೆ ಬೇರೆ. ಮನೆಗಳ ನಡುವೆ, ಶಾಲೆಯ ಎದುರು, ಬಸ್ಸು ನಿಲ್ಲುವ ತಿರುವಿನಲ್ಲಿ ಇಂಥ ಕೇಂದ್ರ ಬರಬಹುದೆಂದು ತೀರ್ಮಾನಿಸುವವರು ಯಾರು? ಯಾರನ್ನು ಕೇಳಿ?

ಕಾಯ್ದೆ ಏನನ್ನುತ್ತದೆ ನೋಡೋಣ. ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ನಮ್ಮೆಲ್ಲರ ಬಾಯಲ್ಲಿ ದೂಡಾ, ಎರಡೂ ಊರುಗಳ ನೆಲಕ್ಕೆ ಬಣ್ಣ ಹಚ್ಚಿ ಇದು ವಸತಿ, ಇದು ವಾಣಿಜ್ಯ, ಇದು ಕೈಗಾರಿಕೆ ಎಂದು ನಕ್ಷೆ ಮಾಡುತ್ತದೆ. ವಸತಿಯೆಂದು ಗುರುತಾದ ನೆಲವನ್ನು ವಾಣಿಜ್ಯಕ್ಕೆ ತಿರುಗಿಸಬೇಕಾದರೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಂ ಅಡ್ಡ ನಿಲ್ಲುತ್ತದೆ. ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು, ಬೇರೆ ಕಾನೂನಿಗೆ ವಿರುದ್ಧವಾಗಿರಬಾರದು, ದಿನಪತ್ರಿಕೆಯಲ್ಲಿ ಪ್ರಕಟಿಸಿ ಜನರ ಆಕ್ಷೇಪಣೆ ಕರೆಯಬೇಕು. ಮಾತು ಚೆನ್ನಾಗಿದೆ. ಆದರೆ ಆ ಪ್ರಕಟಣೆ ಬರುವುದು ಟೆಂಡರುಗಳ, ಹರಾಜುಗಳ ನಡುವೆ, ಇರುವೆ ಗಾತ್ರದ ಅಕ್ಷರದಲ್ಲಿ, ಸರ್ವೆ ನಂಬರಿನ ಭಾಷೆಯಲ್ಲಿ. ರಾತ್ರಿ ಪಾಳಿ ಮುಗಿಸಿ ಬಂದವನು ಅದನ್ನು ಹುಡುಕಿ ಓದಬೇಕೆ? 'ಸರ್ವೆ ನಂಬರು ಇಂತಿಷ್ಟು' ಎಂದರೆ ತನ್ನ ಮನೆಯ ಹಿಂದಿನ ಖಾಲಿ ಜಾಗ ಎಂದು ಅವನಿಗೆ ತಿಳಿಯುವುದು ಹೇಗೆ?

ಇನ್ನು ಗಿರಣಿಯ ನೆಲವಾದರೆ ದಾರಿ ಮತ್ತೂ ಸಲೀಸು. ಕೈಗಾರಿಕೆಯ ಜಾಗವನ್ನು ವಾಣಿಜ್ಯಕ್ಕೆ ಬದಲಿಸುವವನು ಮೊದಲೇ ತಿಳಿಸಿ ಶುಲ್ಕ ಕಟ್ಟಿದರೆ ಸಾಕು, ಅನುಮತಿ ಸಿಕ್ಕಿದಂತೆಯೇ ಎಂದು ಅದೇ ಕಲಂ ಹೇಳುತ್ತದೆ. ನೂಲು ತೆಗೆದ ನೆಲ ನಿವೇಶನಗಳಾದ ಊರು ನಮ್ಮದು, ಡಿ.ಸಿ.ಎಂ. ಟೌನ್‌ಶಿಪ್ಪಿನಲ್ಲಿ ಕಾಟನ್ ಮಿಲ್ಲು ಉಳಿದಿರುವುದು ಮೂರು ಅಕ್ಷರಗಳಲ್ಲಿ. ಆ ನೆಲದ ಮೇಲೆ ಬೆವರು ಸುರಿಸಿದವರಿಗೆ ಅದರ ಮುಂದಿನ ಗತಿಯ ಬಗ್ಗೆ ಒಂದು ಮಾತು ಕೇಳುವ ಸೌಜನ್ಯವೂ ಕಾಯ್ದೆಗಿಲ್ಲ.

ಸಂಚಾರದ ಲೆಕ್ಕ ಹಾಕಲು ಇಂಜಿನಿಯರನೇ ಬೇಕಿಲ್ಲ, ಅಂಗಡಿಯ ಚೋಪಡಿ ಬರೆಯುವವನೂ ಹಾಕಬಲ್ಲ. ಒಂದು ಕಾರಿಗೆ ಅರ್ಧ ಗಂಟೆ ಹಿಡಿದರೆ ಎರಡು ರ‍್ಯಾಂಪಿನ ಮೇಲೆ ಗಂಟೆಗೆ ನಾಲ್ಕು ಕಾರು. ಭಾನುವಾರ ಬೆಳಿಗ್ಗೆ ಒಂದೇ ಗಂಟೆಯಲ್ಲಿ ಹತ್ತು ಬಂದರೆ ಉಳಿದ ಆರು ಎಲ್ಲಿ ನಿಲ್ಲಬೇಕು? ರಸ್ತೆಯ ಆಚೆ ಬದಿಯಿಂದ ಬಂದವನು ಒಳಗೆ ತಿರುಗಬೇಕಾದರೆ ಎದುರಿನ ಸಾಲನ್ನು ಕತ್ತರಿಸಿಯೇ ತಿರುಗಬೇಕು. ತೊಳೆದು ಹೊರಬಂದ ಕಾರಿನ ಚಕ್ರಗಳು ನೀರನ್ನೂ ಸೋಪಿನ ನೊರೆಯನ್ನೂ ರಸ್ತೆಗೆ ಎಳೆದು ತರುತ್ತವೆ. ಅದರ ಮೇಲೆ ಜಾರಿ ಬೀಳುವವನು ಕಾರಿನವನಲ್ಲ, ಸೈಕಲ್ಲಿನವನು. ಅಶೋಕ ಟಾಕೀಸಿನ ಹತ್ತಿರದ ರೈಲ್ವೆ ಗೇಟಿನಲ್ಲಿ ವರ್ಷಗಟ್ಟಲೆ ನಿಂತು ನಿಂತು ಕಾಲು ಸೋತ ಈ ಊರಿನವರಿಗೆ ಸಂಚಾರದ ಅಡ್ಡಿ ಎಂದರೇನೆಂದು ಯಾರೂ ಪಾಠ ಹೇಳಬೇಕಾಗಿಲ್ಲ.

ನೀರಿನ ಮಾತೂ ಇದೆ. ನಗರದಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರು ಕೊಡಬೇಕೆಂಬುದು ಕೇಂದ್ರ ಸರ್ಕಾರದ ಅಳತೆ. ಪೈಪು ಬಿಟ್ಟು ಒಂದು ಕಾರು ತೊಳೆದರೆ ಸುಮಾರು ಅಷ್ಟೂ ಮುಗಿಯುತ್ತದೆ. ಭದ್ರಾ ನಾಲೆಯನ್ನೂ ತುಂಗಭದ್ರೆಯನ್ನೂ ನಂಬಿ ಬದುಕುವ ದಾವಣಗೆರೆಯಲ್ಲಿ ನೀರು ಬರುವ ದಿನವನ್ನು ಹೆಂಗಸರು ಬೆರಳಲ್ಲಿ ಎಣಿಸುವ ಬೇಸಿಗೆಗಳನ್ನು ನಾವು ಕಂಡಿದ್ದೇವೆ. 2024ರ ಮಾರ್ಚಿಯಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಸಾರಿತು. ಬರ ಬಂದಾಗ ರಾಜಧಾನಿಯಲ್ಲಿ ತಪ್ಪಾದದ್ದು ನಮ್ಮಲ್ಲಿ ಒಪ್ಪಾಗುವುದೆ? ಎಣ್ಣೆ ಬೆರೆತ ರಾಡಿ ಮಡ್ಡಿ ಹಿಡಿಯುವ ತೊಟ್ಟಿ ಇಲ್ಲದೆ ಚರಂಡಿಗೆ ಇಳಿದರೆ ಗಬ್ಬು ಸಹಿಸುವವರೂ ಪಕ್ಕದ ಮನೆಯವರೇ.

ಈಗ ಮತ್ತೆ ನಮ್ಮ ಮಂಡಕ್ಕಿ ಗಾಡಿಗೆ ಬರೋಣ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ 30 ದಿನಗಳ ನೋಟೀಸು ಕೊಡದೆ ಅವನನ್ನು ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನ ಬೀದಿ ವ್ಯಾಪಾರಿಗಳದೇ. ಎಷ್ಟು ಗಾಡಿಯವರಿಗೆ ಇದು ಗೊತ್ತು? ಲಾರಿ ಬಂದು ತಕ್ಕಡಿ ಎತ್ತಿ ಹಾಕಿಕೊಂಡು ಹೋಗುವಾಗ ನೋಟೀಸು ಎಲ್ಲಿ ಎಂದು ಕೇಳುವ ಧೈರ್ಯ ಎಷ್ಟು ಜನಕ್ಕಿದೆ? ಪುರಪಿತೃಗಳು ಗಾಡಿಯ ಅಗಲ ಅಳೆಯುವ ಟೇಪನ್ನು ಕಾರಿನ ಸಾಲಿಗೂ ಒಮ್ಮೆ ಹಿಡಿಯಲಿ.

ಆದ್ದರಿಂದ ಕಾರು ತೊಳೆಯುವ ಕೇಂದ್ರಕ್ಕೆ ಅನುಮತಿ ಕೇಳುವ ಯಾವ ಅರ್ಜಿಯಾಗಲಿ, ಒಳಬರುವ ದಾರಿ, ಹೊರಹೋಗುವ ದಾರಿ, ಕಾಯುವ ಕಾರುಗಳಿಗೆ ಆವರಣದ ಒಳಗೇ ಜಾಗ, ರಾಡಿಯ ತೊಟ್ಟಿ, ನೀರಿನ ಮೂಲ ಇವಿಷ್ಟೂ ನಕ್ಷೆಯಲ್ಲಿರಲಿ. ಆ ನಕ್ಷೆಯನ್ನು ಕಚೇರಿಯ ಕಪಾಟಿನಲ್ಲಿ ಇಡದೆ ಜಾಗದ ಮುಂದೆಯೇ ದೊಡ್ಡ ಹಲಗೆಯ ಮೇಲೆ ಕನ್ನಡದಲ್ಲಿ ಬರೆದು ನಿಲ್ಲಿಸಲಿ. ಅಲ್ಲಿಯವರೆಗೆ, ಬಂಧುಗಳೇ, ಕೇರಿಗೊಬ್ಬರು ಸರದಿಯ ಮೇಲೆ ಪತ್ರಿಕೆಯ ಪ್ರಕಟಣೆಗಳನ್ನು ಓದುವ ಏರ್ಪಾಡು ಮಾಡಿಕೊಳ್ಳಿ. ತಕರಾರು ಅರ್ಜಿಯನ್ನು ಎರಡು ಪ್ರತಿ ಬರೆದು, ನಿಮ್ಮಲ್ಲಿ ಉಳಿಯುವ ಪ್ರತಿಯ ಮೇಲೆ ಮೊಹರು, ತಾರೀಖು ಹಾಕಿಸಿಕೊಳ್ಳದೆ ಕಚೇರಿಯ ಮೆಟ್ಟಿಲು ಇಳಿಯಬೇಡಿ.