ಕಲ್ಲು ಒಣಗಬಾರದು

ಭಾರತದಲ್ಲಿ 1972ನೆಯ ಇಸವಿಯ ವನ್ಯಜೀವಿ ಕಾಯಿದೆಯು ಹವಳಗಳಿಗೆ ರಕ್ಷಣೆಯನ್ನಿತ್ತಿದೆ. ಆದುದರಿಂದ ಈ ತಿಂಗಳಿನ ನಮ್ಮ ಮಾತು, ಪರದೇಶದಲ್ಲಿ ನೆಲೆಸಿ, ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ ಮೀನುಗಳನ್ನೂ ಹವಳಗಳನ್ನೂ ಸಾಕುತ್ತಿರುವ ವಾಚಕರಿಗಾಗಿ.

ಮನೆ ಬದಲಿಸುವಾಗ ಎಲ್ಲರಿಗೂ ಮೀನಿನದೇ ಚಿಂತೆ. ಆದರೆ ತೊಟ್ಟಿಯ ಪ್ರಾಣವಿರುವುದು ಬಹುಮಟ್ಟಿಗೆ ಅದರೊಳಗಿನ ಕಲ್ಲುಗಳಲ್ಲಿ. ಮೀನುಗಳು ಹೊರಬಿಡುವ ಅಮೋನಿಯವೆಂಬ ವಿಷವನ್ನು ಕಳೆಯುವ ಸೂಕ್ಷ್ಮಜೀವಿಗಳಿಗೆ ಅವೇ ಮನೆ. ಕಲ್ಲು ಒಣಗಿದರೆ ಆ ಜೀವಿಗಳು ಸಾಯುವುವು. ಅವು ಸತ್ತರೆ ಹೊಸ ಮನೆಯಲ್ಲಿ ಮೀನೂ ಹವಳವೂ ಉಳಿಯುವುದು ಕಷ್ಟ.

ಆದುದರಿಂದ ಕಲ್ಲುಗಳನ್ನು ತೊಟ್ಟಿಯ ನೀರಿನಲ್ಲಿಯೇ ಮುಳುಗಿಸಿ, ಮುಚ್ಚಳವುಳ್ಳ ಡಬ್ಬಗಳಲ್ಲಿ ಒಯ್ಯತಕ್ಕದ್ದು. ಹವಳಗಳು ಒಂದನ್ನೊಂದು ಕುಟುಕುವುದರಿಂದ ಅವನ್ನು ಬೇರೆ ಬೇರೆಯಾಗಿಡಬೇಕು. ತಳದ ಮರಳನ್ನು ಕಲಕಿದರೆ ಕೊಳೆಯೂ ವಿಷವಾಯುವೂ ಮೇಲೇಳುವುವು. ಉಪ್ಪುನೀರಿನಲ್ಲಿ ತೊಳೆಯದೆ ಅದನ್ನು ಮರಳಿ ಹಾಕಬಾರದು. ತುಂಬಿದ ತೊಟ್ಟಿಯನ್ನೆತ್ತಿದರೆ ಗಾಜಿನ ಸಂದುಗಳು ಬಿಟ್ಟಾವು.

ಲೀಟರಿಗೆ ಸುಮಾರು 35 ಗ್ರಾಂನಂತೆ ತೊಟ್ಟಿಯ ಕಡಲುಪ್ಪನ್ನು ಕರಗಿಸಿ, 25 ಡಿಗ್ರಿ ಸೆಲ್ಸಿಯಸ್ ಶಾಖದ ನೀರನ್ನು ಹೊಸ ಮನೆಯಲ್ಲಿ ಮುಂಚಿತವಾಗಿಯೇ ಸಿದ್ಧಪಡಿಸಿಟ್ಟಿರಬೇಕು. ಸಾಮಾನುಗಳಲ್ಲೆಲ್ಲ ಕಡೆಗೆ ಕಟ್ಟಿ ಮೊದಲು ಬಿಚ್ಚತಕ್ಕದ್ದು ಈ ತೊಟ್ಟಿಯೇ. ಹಾಲು ಉಕ್ಕಿಸುವುದು ಒಂದು ತಾಸು ತಡವಾದರೂ ಚಿಂತೆಯಿಲ್ಲ. ತೊಟ್ಟಿಯ ಪಂಪು ಮೊದಲು ನಡೆಯಲಿ.