ಮುಳ್ಳು ಸುಳ್ಳಾಡಿದರೆ ಗಾಡಿ ಗುಜರಿಗೇಕೆ?

ವಿಜಯಪುರ ಜಿಲ್ಲೆಯ ತಿಕೋಟಾ ಭಾಗದ ಹೊನವಾಡ ಬಯಲುಸೀಮೆಯ ಗ್ರಾಮ. ದ್ರಾಕ್ಷಿ ಬೆಳೆಯುವ ಆ ಭಾಗದಲ್ಲಿ ಬರಗಾಲ ಬಂದಾಗ ಬಳ್ಳಿ ಉಳಿಸಿಕೊಳ್ಳಲು ರೈತರು ಟ್ಯಾಂಕರ್ ನೀರಿಗೆ ಮೊರೆಹೋದದ್ದುಂಟು. ಅಲ್ಲಿನ ಹಳೆಯ ಟೆಂಪೊ, ಟ್ರ್ಯಾಕ್ಟರುಗಳಿಗೂ ಮಲೆನಾಡಿನ ಘಾಟಿ ಏರುವ ಹಳೆಯ ಜೀಪುಗಳಿಗೂ ಒಂದು ವ್ಯಾಧಿ ಸಮಾನವಾದುದು: ಇಂಧನ ಸೂಚಕದ ಮುಳ್ಳಿನ ಚಾಂಚಲ್ಯ. ಬೆಳಿಗ್ಗೆ ಅರ್ಧ ಟ್ಯಾಂಕ್ ತೋರಿಸಿದ ಮುಳ್ಳು ಮಧ್ಯಾಹ್ನ ಪೂರ್ಣವೆನ್ನುತ್ತದೆ. ಗುಂಡಿಯಲ್ಲಿ ಗಾಡಿ ಕುಲುಕಿದೊಡನೆ ಖಾಲಿಯೆನ್ನುತ್ತದೆ.

ಇದು ಕ್ಷುಲ್ಲಕ ಸಂಗತಿಯೆಂದು ತಳ್ಳಿಹಾಕುವಂತಿಲ್ಲ. ಮುಳ್ಳನ್ನು ನಂಬದ ಚಾಲಕ ಕ್ಯಾನಿನಲ್ಲಿ ಇಂಧನ ತಂದು ಮನೆಯೊಳಗೆ ಇಟ್ಟುಕೊಳ್ಳುತ್ತಾನೆ. ಅದು ಬೆಂಕಿಗೆ ಕೊಟ್ಟ ಆಹ್ವಾನ. ಇಲ್ಲವೆ ಟ್ಯಾಂಕನ್ನು ಕಂಠಮಟ್ಟ ತುಂಬಿಸುತ್ತಾನೆ. ತಿರುವುಗಳಲ್ಲಿ ತುಳುಕಿದ ಎಣ್ಣೆ ಮಳೆನೀರಿನೊಡನೆ ಹಳ್ಳ ಸೇರುತ್ತದೆ. ಡೀಸೆಲ್ ಪೂರ್ತಿ ಮುಗಿದರೆ ಕೊಳವೆಯಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಆ ಮೇಲೆ ಡೀಸೆಲ್ ಹಾಕಿದರೂ, ಏರ್ ತೆಗೆಯದ ಹೊರತು ಹಳೆಯ ಎಂಜಿನ್ ಚಾಲೂ ಆಗದು. ಘಾಟಿಯ ನಡುವೆ ನಿಂತ ಜೀಪಿನಲ್ಲಿ ಆಸ್ಪತ್ರೆಗೆ ಹೊರಟ ರೋಗಿಯಿದ್ದರೆ ಅದು ಪ್ರಾಣದ ಪ್ರಶ್ನೆ.

ಸೂಚಕದ ವ್ಯವಸ್ಥೆ ಸರಳವಾದುದು. ಟ್ಯಾಂಕಿನೊಳಗೆ ಇಂಧನದ ಮೇಲೆ ತೇಲುವ ಫ್ಲೋಟ್, ಅದಕ್ಕೆ ಅಂಟಿದ ಕಡ್ಡಿ, ಕಡ್ಡಿಯ ಚಲನೆಗೆ ತಕ್ಕಂತೆ ವಿದ್ಯುತ್ತಿನ ತಡೆಯನ್ನು ಬದಲಿಸುವ ಸುರುಳಿ, ಅಲ್ಲಿಂದ ಮೀಟರಿಗೆ ಒಂದು ತಂತಿ, ಚಾಸಿಗೆ ಒಂದು ಅರ್ಥ್. ಇಷ್ಟರಲ್ಲಿ ದೋಷ ಎಲ್ಲಿದೆಯೆಂದು ಕ್ರಮವಾಗಿ ಹುಡುಕಬಹುದು.

ಮೊದಲು ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಬೇಕು. ಏರಿನಲ್ಲಿ ಇಂಧನ ಟ್ಯಾಂಕಿನ ಹಿಂಬದಿಗೂ ಇಳಿಜಾರಿನಲ್ಲಿ ಮುಂಬದಿಗೂ ಸರಿಯುವುದರಿಂದ ಮುಳ್ಳು ಅಲುಗುವುದು ಸಹಜ. ಹೊನವಾಡದ ಬಯಲಿನಲ್ಲಿ ದೋಷವೆನಿಸುವುದು ಘಾಟಿಯಲ್ಲಿ ದೋಷವಲ್ಲದಿರಬಹುದು. ಎರಡನೆಯದಾಗಿ, ಎಂಜಿನ್ನಿನ ಉಷ್ಣತೆ ತೋರಿಸುವ ಮುಳ್ಳೂ ಜೊತೆಯಲ್ಲೇ ಕುಣಿಯುತ್ತಿದ್ದರೆ, ಡ್ಯಾಶ್‌ಬೋರ್ಡಿನ ಹಿಂದಿನ ಅರ್ಥ್ ಅಥವಾ ಮೀಟರುಗಳಿಗೆ ವಿದ್ಯುತ್ ಒದಗಿಸುವ ಭಾಗದ ಮೇಲೆ ಸಂಶಯ ಪಡಬೇಕು. ಇಂಧನದ ಮುಳ್ಳು ಮಾತ್ರ ಕುಣಿದರೆ ಟ್ಯಾಂಕಿನ ಬಳಿಯ ತಂತಿಯನ್ನೂ ಅರ್ಥನ್ನೂ ನೋಡಬೇಕು. ಎಷ್ಟೋ ವೇಳೆ ತುಕ್ಕು ಕೆರೆದು, ಸಡಿಲ ತಿರುಪು ಬಿಗಿದರೆ ಕೆಲಸ ಮುಗಿಯುತ್ತದೆ.

ಅಷ್ಟರಿಂದ ಸರಿಹೋಗದಿದ್ದರೆ ಮೂರನೆಯ ಪರೀಕ್ಷೆ. ಟ್ಯಾಂಕಿನ ತಂತಿ ಕಳಚಿ ಕೀಲಿ ತಿರುಗಿಸಿದರೆ ಮುಳ್ಳು ಒಂದು ತುದಿಗೆ ಹೋಗಬೇಕು. ಅದೇ ತಂತಿಯನ್ನು ಚಿಕ್ಕ ಬಲ್ಬಿನ ಮೂಲಕ ಚಾಸಿಗೆ ಜೋಡಿಸಿದರೆ ಮತ್ತೊಂದು ತುದಿಯತ್ತ ಸರಿಯಬೇಕು. ಸರಿದರೆ ಮೀಟರೂ ತಂತಿಯೂ ನಿರ್ದೋಷಿಗಳು, ದೋಷ ಟ್ಯಾಂಕಿನೊಳಗಿದೆ: ಸವೆದ ಸುರುಳಿ, ಅಥವಾ ತೂತುಬಿದ್ದು ಮುಳುಗಿದ ಫ್ಲೋಟ್. ತಂತಿ ಕಳಚುವಾಗಲೂ ಜೋಡಿಸುವಾಗಲೂ ಕೀಲಿ ಬಂದಾಗಿರಬೇಕು. ಟ್ಯಾಂಕ್ ತೆರೆಯುವ ಕೆಲಸವನ್ನು ಅನುಭವಿ ಮೆಕ್ಯಾನಿಕ್ ಬ್ಯಾಟರಿ ಸಂಪರ್ಕ ತಪ್ಪಿಸಿ, ಬಯಲಿನಲ್ಲಿ, ಬೀಡಿ-ಬೆಂಕಿಯಿಂದ ದೂರದಲ್ಲಿ ಮಾಡತಕ್ಕದ್ದು. ಪೆಟ್ರೋಲಿನ ಆವಿಗೆ ಒಂದು ಕಿಡಿ ಸಾಕು.

ಇಷ್ಟು ಸರಳ ಪರೀಕ್ಷೆಯನ್ನು ಮಾಡದೆ ಇಡೀ ಮೀಟರನ್ನು ಬದಲಿಸುವ, ಅದಕ್ಕೂ ಬೇಸತ್ತು ಗಾಡಿಯನ್ನೇ ಗುಜರಿಗೆ ಹಾಕುವ ಪ್ರವೃತ್ತಿ ಬೆಳೆಯುತ್ತಿರುವುದು ವಿಷಾದನೀಯ. ಹೊಸ ವಾಹನದ ಉಕ್ಕು ಆಕಾಶದಿಂದ ಇಳಿಯುವುದಿಲ್ಲ. ಅದರ ಅದಿರು ಯಾವುದೋ ಗುಡ್ಡದ ಒಡಲಿನಿಂದ ಬರುತ್ತದೆ. ಕುದುರೆಮುಖದಲ್ಲಿ 2005ರ ಅಂತ್ಯಕ್ಕೆ ಗಣಿಗಾರಿಕೆ ನಿಲ್ಲಿಸಲು ಎಷ್ಟು ಹೋರಾಟ ಬೇಕಾಯಿತೆಂಬುದನ್ನು ಮಲೆನಾಡು ಮರೆತಿಲ್ಲ. ದುರಸ್ತಿಯಾಗಬಲ್ಲ ವಸ್ತುವನ್ನು ಎಸೆಯುವುದೆಂದರೆ ಮತ್ತೊಂದು ಗುಡ್ಡಕ್ಕೆ ಗುದ್ದಲಿಯ ದಾರಿ ತೋರಿಸುವುದೇ ಸರಿ.

ಹಾಗೆಂದು ಹಳೆಯದೆಲ್ಲವೂ ಪೂಜ್ಯವಲ್ಲ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ. ಕಪ್ಪು ಹೊಗೆ ಕಾರುವ, ಲೀಟರಿಗೆ ಓಡುವ ದೂರ ಕುಸಿದ, ರಿಪೇರಿಗೂ ಬಗ್ಗದ ಎಂಜಿನ್ನನ್ನು ರಸ್ತೆಯಿಂದ ಇಳಿಸುವುದೇ ಯೋಗ್ಯ. 2021ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಗುಜರಿ ನೀತಿಯಲ್ಲೂ ಖಾಸಗಿ ವಾಹನಕ್ಕೆ ಕ್ಷಮತಾ ಪರೀಕ್ಷೆಯೇ ಮುಖ್ಯ. ಆದರೆ ಆ ತೀರ್ಮಾನಕ್ಕೂ ಇಂಧನದ ನಿಖರ ಲೆಕ್ಕ ಬೇಕು. ಸುಳ್ಳು ಮುಳ್ಳಿನ ಗಾಡಿ ಎಷ್ಟು ಕುಡಿಯುತ್ತಿದೆಯೆಂಬುದು ಅದರ ಒಡೆಯನಿಗೇ ತಿಳಿದಿರುವುದಿಲ್ಲ.

ಆದುದರಿಂದ ಪ್ರತಿ ಗಾಡಿಯಲ್ಲೂ ಒಂದು ನೋಟ್‌ಬುಕ್ ಇರಲಿ: ಹಾಕಿಸಿದ ಲೀಟರ್, ಓಡಿದ ಕಿಲೋಮೀಟರ್. ಐಟಿಐ ಹಾಗೂ ಕಾಲೇಜು ವಿದ್ಯಾರ್ಥಿಗಳು ರಜೆಯ ಒಂದು ದಿನ ಮಲ್ಟಿಮೀಟರ್ ಹಿಡಿದು ತಮ್ಮ ಊರಿನ ಹಳೆಯ ಗಾಡಿಗಳನ್ನು ಮೆಕ್ಯಾನಿಕ್ಕನ ಜೊತೆ ಪರೀಕ್ಷಿಸಲಿ. ಪರಿಸರ ರಕ್ಷಣೆ ಸಸಿ ನೆಡುವ ದಿನಕ್ಕೆ ಸೀಮಿತವಲ್ಲ. ತುಕ್ಕು ಹಿಡಿದ ತಿರುಪೊಂದನ್ನು ಬಿಗಿಯುವುದೂ ಅದರ ಭಾಗವೇ.